ವಟ್ರಸುಳಿ ಕಾಣದ ಲ್ಯಾಪ್‌ಟಾಪ್

ಗದಗಿನ ಒಂದು ಮುದ್ರಣಾಲಯದಲ್ಲಿ ಡಿಟಿಪಿ ವಿಭಾಗ ನೋಡಿಕೊಳ್ಳುತ್ತೇನೆ. ಯಾವ ಕಂಪ್ಯೂಟರ್ ತರಬೇಕು ಅನ್ನೋದನ್ನ ತೀರ್ಮಾನಿಸುವವನೂ ನಾನೇ. ಕೆಲವು ವರ್ಷಗಳ ಹಿಂದೆ ಒಮ್ಮೆಲೇ ಮೂರು ಲ್ಯಾಪ್‌ಟಾಪ್ ತಂದೆ. ಪ್ರೊಸೆಸರ್ ವಿಚಾರಿಸಿದೆ, ರ‍್ಯಾಮ್ ವಿಚಾರಿಸಿದೆ, ಬೆಲೆಗೆ ಚೌಕಾಶಿ ಮಾಡಿದೆ. ಪರದೆ ಅನ್ನುವ ಕಡೆ ‘15.6 ಇಂಚು, ಎಚ್‌ಡಿ’ ಎಂದಿತ್ತು. ಎಚ್‌ಡಿ ಅಂದಮೇಲೆ ಚೆನ್ನಾಗಿಯೇ ಇರುತ್ತದೆ ಅಂತ ಮುಂದೆ ಕೇಳಲಿಲ್ಲ.

ಲ್ಯಾಪ್‌ಟಾಪ್ ಬೆಲೆಪಟ್ಟಿಯಲ್ಲಿ ಬರೀ ಎಚ್‌ಡಿ ಅಂದರೆ 1366×768, ಎಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ (ಪಿಕ್ಸೆಲ್). ಫುಲ್ ಎಚ್‌ಡಿ ಅಂದರೆ 1920×1080. ಮೊದಲನೆಯದರಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕಿ, ಎರಡನೆಯದರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ‘ಫುಲ್’ ಅನ್ನುವ ಒಂದು ಪದಕ್ಕೆ ಅಷ್ಟು ವ್ಯತ್ಯಾಸ.

ನಮ್ಮಲ್ಲಿ ಕರಡು ತಿದ್ದುವವರು ನಿವೃತ್ತ ಶಿಕ್ಷಕರು. ಎಲ್ಲರೂ ಅವರನ್ನು ಮಾಸ್ತರ ಅಂತಲೇ ಕರೆಯೋದು. ಸೆಪ್ಟೆಂಬರಿನಲ್ಲಿ ಸಹಕಾರ ಸಂಘಗಳ ಮಹಾಸಭೆ ಇರುತ್ತವೆ, ಹಾಗಾಗಿ ಅದಕ್ಕೂ ಮುಂಚೆ ವಾರ್ಷಿಕ ವರದಿಗಳದೇ ಸುಗ್ಗಿ. ಆ ವರ್ಷ ಒಂದು ಪತ್ತಿನ ಸಂಘದ ವರದಿಯಲ್ಲಿ ‘ಕೃಷಿ’ ಹೋಗಿ ‘ಕ್ರಷಿ’ ಅಂತ ಅಚ್ಚಾಯಿತು, ಅದೂ ತಲೆಬರಹದ ಕೆಳಗಿನ ಸಾಲಿನಲ್ಲಿ. ಆ ಪುಟಗಳನ್ನು ಮತ್ತೆ ಅಚ್ಚು ಹಾಕಿಕೊಟ್ಟೆವು. ಮಾಸ್ತರ ಯಾರ ಮೇಲೂ ಸಿಟ್ಟಾಗಲಿಲ್ಲ. “ನನ್ನ ಕಣ್ಣಾಗs ಏನೋ ಆಗೈತಿ ತಮ್ಮಾ, ಒತ್ತು ಕಾಣವಲ್ದು” ಅಂದರು. ಮರುವಾರ ಸ್ವಂತ ದುಡ್ಡಿನಲ್ಲಿ ಹೊಸ ಚಷ್ಮಾ ಮಾಡಿಸಿಕೊಂಡು ಬಂದರು. ಆದರೂ ತಪ್ಪು ನಿಲ್ಲಲಿಲ್ಲ.

ಅವರ ಪಕ್ಕ ಕುಳಿತು ಅದೇ ಪುಟ ನೋಡಿದಾಗಲೇ ನನಗೆ ತಿಳಿದದ್ದು. ಪುಟವನ್ನು ನೂರು ಶೇಕಡಾ ಅಳತೆಯಲ್ಲಿ ತೆರೆದರೆ 12 ಪಾಯಿಂಟಿನ ಒಂದು ಸಾಲಿಗೆ ಸಿಗುವುದು 16 ಚುಕ್ಕಿಗಳ ಎತ್ತರ. ಇಂಗ್ಲಿಷಿಗೆ ಅಷ್ಟು ಸಾಕಾಗಬಹುದು. ಕನ್ನಡಕ್ಕೆ ಆ 16ರಲ್ಲೇ ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು, ಮೂರೂ ಹಿಡಿಯಬೇಕು. ಒತ್ತಿನ ಪಾಲಿಗೆ ನಾಲ್ಕೈದು ಚುಕ್ಕಿ ಉಳಿದರೆ ಹೆಚ್ಚು. ಅಷ್ಟರಲ್ಲಿ ವಟ್ರಸುಳಿ ಯಾವುದು, ರ ಒತ್ತು ಯಾವುದು? ದ-ಧ, ಡ-ಢ ನಡುವಿನ ಸಣ್ಣ ಸೀಳೂ ಅಲ್ಲಿ ಮುಚ್ಚಿಹೋಗುತ್ತದೆ. ಮಾಸ್ತರಿಗೆ ಅವರ ಕಣ್ಣಿನ ಮೇಲೇ ಅನುಮಾನ ಬರುವಂತೆ ಮಾಡಿದ್ದು ನಾನು ತಂದ ಪರದೆ. ಅವರೆದುರು ಅದನ್ನು ಒಪ್ಪಿಕೊಂಡೆ.

ಮುಂದಿನ ಸಲ ಫುಲ್ ಎಚ್‌ಡಿ ಎಂದು ಖಾತ್ರಿ ಮಾಡಿಕೊಂಡೇ ತಂದೆ, 14 ಇಂಚಿನವು. ಈ ಸಲ ಅಕ್ಷರ ಚೊಕ್ಕಟ, ಆದರೆ ಇರುವೆಯಷ್ಟು ಸಣ್ಣ. ಅದೇ 1920×1080 ನಮ್ಮ 24 ಇಂಚಿನ ಮಾನಿಟರಿನಲ್ಲಿ ಇಂಚಿಗೆ 92 ಚುಕ್ಕಿ, 14 ಇಂಚಿನಲ್ಲಿ 157. ಇಂಚು ಬಿಟ್ಟು ರೆಸಲ್ಯೂಶನ್ (ಚುಕ್ಕಿಗಳ ಲೆಕ್ಕ) ಒಂದನ್ನೇ ಕೇಳಿದರೆ ಏನೂ ಗೊತ್ತಾಗುವುದಿಲ್ಲ ಅನ್ನೋದು ನನಗೆ ಆಗ ಮನವರಿಕೆಯಾಯಿತು.

ನಮ್ಮ ಹುಡುಗನೊಬ್ಬ ಅಕ್ಷರ ದೊಡ್ಡದಾಗಲಿ ಅಂತ ಸೆಟ್ಟಿಂಗ್ಸಿಗೆ ಹೋಗಿ ರೆಸಲ್ಯೂಶನ್ನನ್ನೇ 1366×768ಕ್ಕೆ ಇಳಿಸಿಬಿಟ್ಟಿದ್ದ. ಬಹಳ ಜನ ಹೀಗೆಯೇ ಮಾಡುತ್ತಾರೆ, ದಯವಿಟ್ಟು ಮಾಡಬೇಡಿ. ಪರದೆಯ ಚುಕ್ಕಿಗಳು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತವೆ. 1366ನ್ನು 1920ರ ಮೇಲೆ ಹರಡಿದರೆ ಒಂದು ಚುಕ್ಕಿ ಒಂದೂ ಕಾಲರಿಂದ ಒಂದೂವರೆ ಚುಕ್ಕಿಯ ನಡುವೆ ಎಲ್ಲೋ ಕೂರಬೇಕು, ಅಂಚೆಲ್ಲ ಮಂಜಾಗುತ್ತದೆ. ರೆಸಲ್ಯೂಶನ್ ಮುಟ್ಟದೆ ಅದೇ ಪುಟದಲ್ಲಿರುವ ಅಕ್ಷರ ಹಿಗ್ಗಿಸುವ ‘ಸ್ಕೇಲ್’ ಅನ್ನು ಶೇಕಡಾ 125 ಅಥವಾ 150ಕ್ಕೆ ಏರಿಸಬೇಕು. 150ಕ್ಕಿಟ್ಟರೆ ಆ 16 ಚುಕ್ಕಿಯ ಸಾಲಿಗೆ 24 ಚುಕ್ಕಿ ಸಿಗುತ್ತವೆ, ಒತ್ತು ಬಿಡಿಸಿದಂತೆ ಕಾಣುತ್ತದೆ. ಪರದೆಯಲ್ಲಿ ಹಿಡಿಯುವ ಸಾಲುಗಳು ಮಾತ್ರ ಕಡಿಮೆಯಾಗುತ್ತವೆ, ಕೋಷ್ಟಕ ಮಾಡುವವರಿಗೆ ಅದು ತೊಡಕು.

ಮುದ್ರಣದವರಿಗೆ ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನ ಕಡತಗಳಿಗಾಗಿ ನಾವು ಇಂದಿಗೂ ಪೇಜ್‌ಮೇಕರ್ ಅನ್ನುವ ಹಳೆಯ ಪುಟವಿನ್ಯಾಸದ ತಂತ್ರಾಂಶ ಇಟ್ಟುಕೊಂಡಿದ್ದೇವೆ. ಅದಕ್ಕೆ ಸ್ಕೇಲ್ ಅರ್ಥವಾಗುವುದಿಲ್ಲ, ವಿಂಡೋಸ್ ಅದನ್ನು ಚಿತ್ರದ ಹಾಗೆ ಎಳೆದು ತೋರಿಸುತ್ತದೆ, ಮಸುಕಾಗುತ್ತದೆ. ಅಂಥ ಕೆಲಸವನ್ನೆಲ್ಲ ನಾವು 24 ಇಂಚಿನ ಮಾನಿಟರಿಗೆ ಒಯ್ದು ಸ್ಕೇಲ್ 100ರಲ್ಲೇ ಮಾಡುತ್ತೇವೆ.

ಫೋರ್‌ಕೆ ಕೊಳ್ಳಿ ಅಂತ ಅಂಗಡಿಯವರು ಹೇಳಿದ್ದುಂಟು. ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕಿ, ಬ್ಯಾಟರಿ ಬೇಗ ಇಳಿಯುತ್ತದೆ, ಬೆಲೆಯೂ ಜಾಸ್ತಿ. ನಮ್ಮ ದಿನನಿತ್ಯದ ಕೆಲಸಕ್ಕೆ ಅದು ಬೇಕಾಗಿಲ್ಲ.

ಈಚೆಗೆ ಕೊಳ್ಳಲು ಹೋದಾಗ ಮಾಸ್ತರನ್ನೂ ಕರೆದುಕೊಂಡು ಹೋದೆ. ಪೆನ್‌ಡ್ರೈವಿನಲ್ಲಿ ಒಂದು ಸಂಘದ ಜಮಾ-ಖರ್ಚಿನ ಪುಟ ಇತ್ತು, 9 ಪಾಯಿಂಟಿನದು. ನಾಲ್ಕು ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು ಅವರ ಮುಂದಿಟ್ಟೆ. 16 ಇಂಚಿನ 1920×1200 ಪರದೆಯ ಎದುರು ಅವರು ಬಹಳ ಹೊತ್ತು ಕುಳಿತರು. ಫುಲ್ ಎಚ್‌ಡಿಗಿಂತ ಇದು 120 ಚುಕ್ಕಿ-ಸಾಲು ಉದ್ದ, ಪುಟ ಇನ್ನಷ್ಟು ಕೆಳಗಿನವರೆಗೆ ಕಾಣುತ್ತದೆ. ಸ್ಕೇಲ್ 125ಕ್ಕಿಟ್ಟೆ. ಮಾಸ್ತರ ಚಷ್ಮಾ ಸರಿಮಾಡಿಕೊಂಡು ಮೇಲಿನಿಂದ ಓದುತ್ತಾ ಬಂದರು. ಏಳನೆಯ ಸಾಲಿನಲ್ಲಿ ಬೆರಳಿಟ್ಟು, “ಇಲ್ಲಿ ಧ ಆಗಬೇಕಾಗಿತ್ತು, ದ ಆಗೈತಿ” ಅಂದರು. ನಾನು ಎರಡು ಸಲ ಓದಿ ಮುಗಿಸಿದ್ದ ಪುಟ ಅದು.