ಗಿಟಾರಿಗೆ ತಲೆಭಾರ

ಎಲೆಕ್ಟ್ರಿಕ್ ಗಿಟಾರ್ ಮಾಡಿಸಿಕೊಳ್ಳಲು ನಮ್ಮ ವರ್ಕ್‌ಶಾಪಿಗೆ ಬರುವವರು ಮರ, ಪಿಕಪ್, ಬಣ್ಣಗಳ ಮಾತನ್ನು ಗಂಟೆಗಟ್ಟಲೆ ಆಡುತ್ತಾರೆ. ತಂತಿ ಬಿಗಿಮಾಡಿ ಶ್ರುತಿ ಕೂಡಿಸುವ ಟ್ಯೂನಿಂಗ್ ಕೀಗಳ ವಿಷಯಕ್ಕೆ ಬಂದಾಗ ಮಾತ್ರ ಅವರು ಕೇಳುವುದು ಒಂದೇ ಪ್ರಶ್ನೆ, ‘ರೇಶಿಯೋ ಎಷ್ಟು?’ 18:1 ಎಂದರೆ ಮುಖ ಅರಳುತ್ತದೆ, 14:1 ಎಂದರೆ ಅಗ್ಗದ ಮಾಲನ್ನು ತಮ್ಮ ತಲೆಗೆ ಕಟ್ಟುತ್ತಿದ್ದೇವೆಂಬ ಅನುಮಾನ ಹುಟ್ಟುತ್ತದೆ. ರೇಶಿಯೋ ಹೇಳುವುದು ಇಷ್ಟೇ: 18:1ರ ಕೀಯ ಗುಂಡಿಯನ್ನು ಒಂದು ಸುತ್ತು ತಿರುಗಿಸಿದರೆ ತಂತಿ ಸುತ್ತಿಕೊಳ್ಳುವ ಕಂಬ 20 ಡಿಗ್ರಿ ತಿರುಗುತ್ತದೆ, ಕಂಬದ ವ್ಯಾಸ 6 ಮಿ.ಮೀ. ಇದ್ದರೆ ಸುಮಾರು ಒಂದು ಮಿ.ಮೀ. ತಂತಿ ಒಳಗೆ ಬರುತ್ತದೆ. 14:1ರಲ್ಲಿ ಅದೇ ಸುತ್ತಿಗೆ ಸುಮಾರು 1.35 ಮಿ.ಮೀ. ಬರುತ್ತದೆ. ಶ್ರುತಿಯನ್ನು ಹಿಡಿದು ನಿಲ್ಲಿಸುವುದಕ್ಕೂ ಈ ಅಂಕಿಗೂ ಸಂಬಂಧ ಕಡಿಮೆ, ಏಕೆಂದರೆ ಕೀಯೊಳಗಿನ ಸ್ಕ್ರೂ ಆಕಾರದ ವರ್ಮ್ ಗೇರನ್ನು ತಂತಿಯ ಎಳೆತ ಹಿಂದಕ್ಕೆ ತಿರುಗಿಸಲಾರದು. ಗೇರಿನ ಹಲ್ಲುಗಳ ನಡುವೆ ಪ್ಲೇ, ಅಂದರೆ ಸಡಿಲ, ಇದ್ದರೆ 21:1 ಇದ್ದೂ ಪ್ರಯೋಜನವಿಲ್ಲ, ಪ್ಲೇ ಇಲ್ಲದಿದ್ದರೆ 14:1 ಧಾರಾಳವಾಗಿ ಸಾಕು.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣ ನಾನು ಮೂಲತಃ ಐಟಿಐ ಫಿಟರ್ ಆಗಿರುವುದು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಗೇರ್ ಜೋಡಿಸುವ ಕೆಲಸ ಮಾಡಿ, ಅಲ್ಲಿಯ ಶಿಫ್ಟುಗಳು ಒಗ್ಗದೆ ಕೋಲಾರದ ಈ ಸಣ್ಣ ವರ್ಕ್‌ಶಾಪಿಗೆ ಬಂದು ಸೇರಿದವನು ನಾನು. ಇಲ್ಲಿ ಮರ ಕೊರೆಯುವುದು ಆಚಾರಿಗಳ ಕೆಲಸ, ಆರ್ಡರ್ ಮತ್ತು ಬಿಲ್ಲು ಯಜಮಾನರದು, ಲೋಹದ ಎಲ್ಲ ಭಾಗಗಳ ಆಯ್ಕೆ ಮತ್ತು ಜೋಡಣೆ ನನ್ನದು. ಆಯ್ಕೆ ನನ್ನದು ಎಂಬುದು ಕಾಗದದ ಮೇಲಿನ ಮಾತು. ನಾನು ಬರೆದುಕೊಟ್ಟದ್ದು ಬೆಲೆಯ ಕಾಲಂ ದಾಟಿ ಹಾಗೆಯೇ ಬರುವುದು ಅಪರೂಪ.

ನಾನು ಹೇಳಹೊರಟ ಆರ್ಡರ್ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಹುಡುಗನೊಬ್ಬನದು. ಚಿನ್ನದ ಗಣಿ 2001ರಲ್ಲಿ ಮುಚ್ಚಿತಾದರೂ ಆ ಊರಿನಲ್ಲಿ ಗಿಟಾರ್ ನುಡಿಸುವವರಿಗೆ ಬರ ಬಂದಿಲ್ಲ. ಈತ ಭಾನುವಾರ ಚರ್ಚಿನಲ್ಲಿ, ಉಳಿದ ದಿನ ಮದುವೆ ಮನೆಗಳ ಆರ್ಕೆಸ್ಟ್ರಾಗಳಲ್ಲಿ ನುಡಿಸುವವನು. ತೆಳುವಾದ ಮಹಾಗನಿ ಒಡಲು, ಎರಡು ಗಿಡ್ಡ ಕೊಂಬು, 628 ಮಿ.ಮೀ. ಸ್ಕೇಲ್ (ನುಡಿಯುವ ತಂತಿಯ ಉದ್ದ), ಹಿಂದಕ್ಕೆ ಬಾಗಿದ ತಲೆಯ ಎರಡು ಬದಿಗೆ ಮೂರು ಮೂರು ಕೀ, ಬೀಟೆಮರದ ಫಿಂಗರ್‌ಬೋರ್ಡ್ ಬೇಕೆಂದು ಕೇಳಿದ. ಗಿಬ್ಸನ್ ಕಂಪನಿ 1961ರಲ್ಲಿ ಹೊರತಂದ ಮಾದರಿಯ ನೆನಪು ತರುವ ಆಕಾರ ಅದು. ಲಾಕಿಂಗ್ ಕೀಗಳೇ ಆಗಬೇಕೆಂದೂ ಹೇಳಿದ, ಆ ಬೇಡಿಕೆಯನ್ನು ಯಜಮಾನರ ಮುಂದೆ ಅವನಿಗಿಂತ ಹೆಚ್ಚು ವಾದಿಸಿದವನು ನಾನು. ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ ತಂತಿ ಬದಲಿಸಬೇಕಾದವನಿಗೆ, ಕಂಬದೊಳಗಿನ ಪಿನ್ನು ತಂತಿಯನ್ನು ಕಚ್ಚಿ ಹಿಡಿದು ಅರ್ಧ ಸುತ್ತಿನಲ್ಲಿ ಶ್ರುತಿಗೆ ತರುವ ವ್ಯವಸ್ಥೆ ಎಷ್ಟು ಉಪಕಾರಿ ಎಂಬುದು ನನ್ನ ವಾದವಾಗಿತ್ತು. ವಾದದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕ್ಯಾಟಲಾಗಿನಲ್ಲಿ ನಾನು ನೋಡಿದ್ದು ತೂತಿನ ಅಳತೆ 10 ಮಿ.ಮೀ., ಸ್ಕ್ರೂವಿನ ಜಾಗ, ತಲೆಯ ದಪ್ಪಕ್ಕೆ ಬುಷ್ಷಿನ (ಕಂಬದ ಸುತ್ತ ಕೂರುವ ಲೋಹದ ಬಳೆಯ) ತಿರುಪು ಸಾಲುತ್ತದೆಯೇ ಎಂಬ ಮೂರು ಸಂಗತಿಗಳನ್ನು ಮಾತ್ರ. ತೂಕದ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದೆ.

ಎರಕದ ಮುಚ್ಚಿದ ಕವಚ, ಲೋಹದ ಗುಂಡಿ, ಹಿಂದೆ ಲಾಕಿಂಗ್ ಚಕ್ರ ಇರುವ ಆ ಸೆಟ್ಟು ಯಜಮಾನರು ಉಳಿದ ಆರ್ಡರುಗಳ ಜೊತೆ ಸೇರಿಸಿ ತರಿಸಿದ್ದರಿಂದ ತಡವಾಗಿ ಬಂತು. ಅಷ್ಟರಲ್ಲಿ ಕ್ಯಾಟಲಾಗಿನ ಅಳತೆ ನಂಬಿ ತೂತು ಕೊರೆದು, ಹಾರ್ಡನರ್ ಬೆರೆಸುವ ‘ಎರಡು ಪ್ಯಾಕಿನ’ ಲ್ಯಾಕರ್ ಹೊಡೆದು, ಬಫ್ ಮಾಡಿಯೂ ಆಗಿತ್ತು. ಅಳತೆ ಸರಿಯಾಗಿಯೇ ಕೂತಿತು. ಹೆಗಲಪಟ್ಟಿಯ ಗುಂಡಿಗಳನ್ನು ಎಲ್ಲಕ್ಕಿಂತ ಕೊನೆಗೆ ಹಾಕುವುದು ನಮ್ಮಲ್ಲಿ ರೂಢಿ, ಹೀಗಾಗಿ ಗಿರಾಕಿ ಬರುವ ತನಕ ಆ ಗಿಟಾರ್ ಯಾರ ಹೆಗಲಿಗೂ ಏರಿರಲಿಲ್ಲ. ಬೆಂಚಿನ ಮೇಲೆ ಮಲಗಿಸಿ ತಂತಿಯ ಎತ್ತರ, ಇಂಟೊನೇಶನ್ (ಕತ್ತಿನುದ್ದಕ್ಕೂ ಸ್ವರ ಸರಿಯಾಗಿ ನುಡಿಯುವುದು), ಕತ್ತಿನ ಮೇಲ್ತುದಿಯಲ್ಲಿ ತಂತಿಗಳನ್ನು ಹೊರುವ ‘ನಟ್’ ಎಂಬ ತುಂಡಿನ ಕಚ್ಚುಗಳು, ಎಲ್ಲವನ್ನೂ ನೋಡಿದೆ. ಎಲ್ಲವೂ ಚೆನ್ನಾಗಿತ್ತು.

ಹುಡುಗ ಬಂದ, ಪಟ್ಟಿ ಹಾಕಿಕೊಂಡ, ಒಂದೆರಡು ಕಾರ್ಡ್ ಹಿಡಿದ, ಆಂಪಿನ ವಾಲ್ಯೂಮ್ ಕಡಿಮೆ ಮಾಡಲೆಂದು ಎಡಗೈ ಬಿಟ್ಟ. ಗಿಟಾರಿನ ತಲೆ ನಿಧಾನವಾಗಿ ಬಾಗಿ, ನೆಲದ ಕಡೆ ಇಳಿದು ನಿಂತಿತು. ಅವನು ಕೈಯಿಂದ ಮೇಲೆತ್ತಿ ಮತ್ತೆ ಬಿಟ್ಟ, ಮತ್ತೆ ಇಳಿಯಿತು. ಯಜಮಾನರು ಚಹಾ ಕುಡಿಯುತ್ತಾ ಅದನ್ನು ನೋಡುತ್ತಿದ್ದರು, ಆಚಾರಿಗಳು ಉಳಿ ಕೆಳಗಿಟ್ಟು ನೋಡುತ್ತಿದ್ದರು. ನನ್ನ ಮನಸ್ಸಿನಲ್ಲಿ ಆಗ ಓಡಿದ್ದು ನಾಚಿಕೆಗೇಡಿನ ಯೋಚನೆ: ಪಟ್ಟಿ ನುಣುಪಾಗಿದೆ ಎಂದು ಹೇಳಿ ಪಾರಾಗಬಹುದೇ ಎಂಬುದು. ಹುಡುಗ ಸಿಟ್ಟಾಗಲಿಲ್ಲ. ‘ಅಣ್ಣ, ಇದನ್ನ ನಾನು ನುಡಿಸಬೇಕಾ, ಹೊತ್ತುಕೊಂಡಿರಬೇಕಾ?’ ಎಂದ. ಅದಕ್ಕಿಂತ ಅವನು ಬೈದಿದ್ದರೆ ಸುಲಭವಿತ್ತು.

‘ಒಳಗಡೆ ತುಸು ಸೀಸ ತುಂಬಿಬಿಡಪ್ಪಾ, ಯಾರಿಗೆ ಗೊತ್ತಾಗತ್ತೆ’ ಎಂಬುದು ಯಜಮಾನರು ಸೂಚಿಸಿದ ಪರಿಹಾರ. ಲ್ಯಾಕರ್ ಮತ್ತು ಹಾರ್ಡನರ್ ತೂಗಲು ಇಟ್ಟಿದ್ದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನಾನು ಆ ಸೆಟ್ಟಿನ ಒಂದು ಕೀ ಬಿಚ್ಚಿ ತೂಗಿದೆ, 48 ಗ್ರಾಂ, ಆರಕ್ಕೆ 288. ರಿಪೇರಿಗೆ ಬಂದು ಬಿದ್ದಿದ್ದ ಹಳೆಯ ಗಿಟಾರಿನಿಂದ ಬಿಚ್ಚಿದ್ದ, ಕ್ಲೂಸನ್ ಎಂಬ ಕಂಪನಿಯ ಮಾದರಿಯ ತಗಡು ಕವಚದ, ಪ್ಲಾಸ್ಟಿಕ್ ಗುಂಡಿಯ ಕೀ ಒಂದಕ್ಕೆ 30 ಗ್ರಾಂ, ಆರಕ್ಕೆ 180. ವ್ಯತ್ಯಾಸ ನೂರು ಗ್ರಾಂ ಚಿಲ್ಲರೆ, ಅಷ್ಟಕ್ಕೇ ಇಷ್ಟು ರಾದ್ಧಾಂತವೇ ಎಂದು ಯಜಮಾನರು ಕೇಳಿದರು. ನಮ್ಮ ಸೀಮೆಯ ಬಾವಿಗಳ ಮೇಲೆ ಹಿಂದೆ ಇರುತ್ತಿದ್ದ ಏತದ ಹಾಗೆ ಗಿಟಾರು ಕೂಡ ಒಂದು ಬಿಂದುವಿನ ಮೇಲೆ ತೂಗುವ ಮರ, ತುದಿಯಲ್ಲಿ ಎಷ್ಟಿದೆ ಎಂಬುದಕ್ಕಿಂತ ಎಷ್ಟು ದೂರದಲ್ಲಿದೆ ಎಂಬುದು ಮುಖ್ಯ. ಈ ಆಕಾರದಲ್ಲಿ ಕೊಂಬುಗಳು ಗಿಡ್ಡವಾದ್ದರಿಂದ ಪಟ್ಟಿಯ ಗುಂಡಿ ಕತ್ತಿನ ಬುಡದಲ್ಲಿ ಬರುತ್ತದೆ. ಅಲ್ಲಿಂದ ಕೀಗಳಿಗೆ ಸುಮಾರು 50 ಸೆಂ.ಮೀ., ವಾಲ್ಯೂಮ್ ಪಾಟುಗಳಿರುವ ಕುಳಿಗೆ ಸುಮಾರು 30 ಸೆಂ.ಮೀ. ತಲೆಯಲ್ಲಿ ಹೆಚ್ಚಾದ 100 ಗ್ರಾಮನ್ನು ತೂಗಿಸಲು ಕುಳಿಯಲ್ಲಿ ಸುಮಾರು 167 ಗ್ರಾಂ ಸೀಸ ಬೇಕು. 1954ರ ಫೆಂಡರ್ ಸ್ಟ್ರಾಟೊಕ್ಯಾಸ್ಟರಿನಲ್ಲಿ ಮೇಲಿನ ಕೊಂಬು ಕತ್ತಿನ ಮೇಲಿನ 12ನೆಯ ಫ್ರೆಟ್ಟಿನ (ಅಡ್ಡ ಲೋಹದ ಗೆರೆಯ) ಬಳಿಯವರೆಗೆ ಚಾಚಿಕೊಂಡಿರುವುದರಿಂದ ಅಂಥದ್ದಕ್ಕೆ ಭಾರವಾದ ಕೀ ಹಾಕಿದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಹಗುರವಾಗಿರಲಿ ಎಂದು ಆಚಾರಿಗಳು ಹುಡುಕಿ ತಂದ ಮಹಾಗನಿಯ ಹೊಟ್ಟೆಗೆ ಸೀಸ ತುಂಬುವುದಕ್ಕೆ ನಾನು ಒಪ್ಪಲಿಲ್ಲ. ಆಚಾರಿಗಳಂತೂ ಆ ಮಾತು ಕೇಳಿಯೇ ಹೊರಗೆ ಹೋದರು. ಪಟ್ಟಿಯ ಗುಂಡಿಯನ್ನು ಬುಡದ ಹಿಂಭಾಗಕ್ಕೆ ಸರಿಸಿ ನೋಡಬಹುದಿತ್ತು, ಆದರೆ ಆಗ ಗಿಟಾರ್ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಒರಟು ಚರ್ಮದ ಅಗಲ ಪಟ್ಟಿ ಹೆಗಲ ಮೇಲೆ ಜಾರದೆ ನಿಲ್ಲುತ್ತದೆ, ಭಾರವನ್ನು ಕಡಿಮೆ ಮಾಡುವುದಿಲ್ಲ. ಲೋಹದ ಗುಂಡಿಗಳನ್ನು ಬಿಚ್ಚಿ ಪ್ಲಾಸ್ಟಿಕ್ ಗುಂಡಿ ಹಾಕಿದಾಗ ಒಂದೊಂದು ಕೀಗೂ 7 ಗ್ರಾಂ ಇಳಿಯಿತು; ತಲೆ ಇಳಿಯುವುದು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಕೊನೆಗೆ ತಂತಿ ಬಿಚ್ಚಿ, ಭಾರದ ಸೆಟ್ಟು ತೆಗೆದು, ಹಳೆಯ ಹಗುರ ಕೀಗಳನ್ನು ತಲೆಯ ಹಿಂದೆ ಟೇಪಿನಿಂದ ಅಂಟಿಸಿ ಹುಡುಗನ ಹೆಗಲಿಗೆ ಹಾಕಿದೆವು. ಕೈ ಬಿಟ್ಟ. ತಲೆ ಒಂದಿಷ್ಟು ಓಲಾಡಿ ನೆಲಕ್ಕೆ ಸಮವಾಗಿ ನಿಂತಿತು. ಇದೇ ಟೇಪಿನ ಪರೀಕ್ಷೆಯನ್ನು ತೂತು ಕೊರೆಯುವ ಮೊದಲೇ, ಒಡಲನ್ನೂ ಕತ್ತನ್ನೂ ಕ್ಲ್ಯಾಂಪಿನಲ್ಲಿ ಹಿಡಿದು, ಹಗ್ಗ ಕಟ್ಟಿ ತೂಗಿ ನೋಡಬಹುದಿತ್ತು. ಅದಕ್ಕೆ ಕೀಗಳು ಕೈಯಲ್ಲಿರಬೇಕು, ಕ್ಯಾಟಲಾಗಿನಲ್ಲಿದ್ದರೆ ಸಾಲದು.

ಇನ್ನು ಉಳಿದದ್ದು 10 ಮಿ.ಮೀ. ತೂತುಗಳಿಗೆ 6 ಮಿ.ಮೀ. ಚಿಲ್ಲರೆ ದಪ್ಪದ ಕಂಬವನ್ನು ಕೂರಿಸುವ ಕೆಲಸ. ಇದಕ್ಕೆಂದೇ ಅಡಾಪ್ಟರ್ ಬುಷ್ಷುಗಳು ಸಿಗುತ್ತವೆ, ತರಿಸಲು ಸಮಯವಿರಲಿಲ್ಲ, ಹುಡುಗನಿಗೆ ಕ್ರಿಸ್ಮಸ್ ಕಾರ್ಯಕ್ರಮವಿತ್ತು. ಹೊಸ ಕ್ಲೂಸನ್ ಮಾದರಿಯ ಸೆಟ್ಟು ಮಾತ್ರ ಬೆಂಗಳೂರಿನಲ್ಲಿ ಸಿಕ್ಕಿತು. ಬುಷ್ಷುಗಳನ್ನು ಪರಿಚಯದ ಲೇತ್ ಅಂಗಡಿಯಲ್ಲಿ ಹಿತ್ತಾಳೆ ಸರಳಿನಿಂದ ಕಡೆಸಿದೆ, ಹೊರ ವ್ಯಾಸ ತೂತಿಗಿಂತ ಕೂದಲೆಳೆಯಷ್ಟು ಹೆಚ್ಚು. ಮರಕ್ಕೆ ಆ ಪ್ರೆಸ್ ಫಿಟ್ ಹಿತ, ಗಟ್ಟಿಯಾದ ಲ್ಯಾಕರಿಗೆ ಹಿತವಲ್ಲ, ಅಂಚಿನಲ್ಲಿ ಚಕ್ಕೆ ಏಳುತ್ತದೆ. ಆದ್ದರಿಂದ ಪ್ರತಿ ತೂತಿನ ಬಾಯನ್ನೂ ಕೈಯಿಂದ ಕೌಂಟರ್‌ಸಿಂಕ್ ತಿರುಗಿಸಿ ಲ್ಯಾಕರಿನ ಪದರವನ್ನಷ್ಟೇ ಓರೆ ಮಾಡಿದೆ. ಸುತ್ತಿಗೆಯ ಮಾತೇ ಇಲ್ಲ. ಪಿಲ್ಲರ್ ಡ್ರಿಲ್ಲಿನ ಪ್ಲಗ್ ಕಿತ್ತು, ಚಕ್ಕಿಗೆ ಚಪ್ಪಟೆ ಸರಳು ಕಚ್ಚಿಸಿ, ಅದರ ಹಿಡಿಯನ್ನೇ ಒತ್ತುಯಂತ್ರದಂತೆ ಬಳಸಿ ಒಂದೊಂದನ್ನೇ ಒತ್ತಿ ಇಳಿಸಿದೆ.

ಐದು ಬುಷ್ಷುಗಳು ಮಾತಿಲ್ಲದೆ ಕೂತವು. ಆರನೆಯದು ಅರ್ಧಕ್ಕೆ ನಿಂತು ಓರೆಯಾಯಿತು. ಮಹಾಗನಿಯ ಎಳೆ ತಲೆಯ ಉದ್ದಕ್ಕೂ ಹೋಗುತ್ತದೆ, ತೂತುಗಳು ಅದೇ ಸಾಲಿನಲ್ಲಿವೆ; ಓರೆಯಾದ ಬುಷ್ಷನ್ನು ಒತ್ತಿದರೆ ಒಂದು ತೂತಿನಿಂದ ಇನ್ನೊಂದಕ್ಕೆ ಸೀಳು ಹೋಗುವುದಕ್ಕೆ ಒಂದು ಕ್ಷಣ ಸಾಕು. ಹಿಡಿಯ ಮೇಲಿದ್ದ ಕೈಯನ್ನು ಮುಂದಕ್ಕೂ ತಳ್ಳಲಾರದೆ ಹಿಂದಕ್ಕೂ ತೆಗೆಯಲಾರದೆ ನಾನು ನಿಂತಿದ್ದಾಗ, ಯಜಮಾನರು ಬಂದು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಸಾಲ್ಡರಿಂಗ್ ಐರನ್ನಿನ ತುದಿಯನ್ನು ಬುಷ್ಷಿನೊಳಗೆ ಇಟ್ಟು ಹಿತ್ತಾಳೆಯನ್ನು ತುಸು ಬಿಸಿ ಮಾಡಿ, ಒಳಕ್ಕೆ ಸರಿಯಾಗಿ ಹೋಗುವ ಉದ್ದನೆಯ ಬೋಲ್ಟೊಂದನ್ನು ತೂರಿಸಿ, ಅದನ್ನೇ ಸನ್ನೆಯಾಗಿ ಮಾಡಿಕೊಂಡು ಹಿಂದಿನಿಂದ ತಳ್ಳಿ ಹೊರತೆಗೆದೆ. ತೂತಿನ ಒಳಗೋಡೆಗೆ ಅಂಟಿದ್ದ ಲ್ಯಾಕರಿನ ಒಂದು ತೊಟ್ಟು ಅಷ್ಟು ಕಾಟ ಕೊಟ್ಟಿತ್ತು. ಅದನ್ನು ಕೆರೆದು, ಮೇಣ ಸವರಿ, ಮತ್ತೆ ಒತ್ತಿದಾಗ ಬುಷ್ಷು ನೇರವಾಗಿ ಇಳಿಯಿತು. ಹಿಂಭಾಗದಲ್ಲಿ ಬಿಚ್ಚಿದ ಲಾಕಿಂಗ್ ಸೆಟ್ಟಿನ ಸ್ಕ್ರೂ ತೂತುಗಳು ಹೊಸ ತಗಡಿನ ಕೆಳಗೆ ಮುಚ್ಚಲಿಲ್ಲ. ಮಹಾಗನಿ ಕಡ್ಡಿ ಬಡಿದು ಲ್ಯಾಕರ್ ತೊಟ್ಟಿಕ್ಕಿಸಿದರೂ ಆರು ಕಲೆಗಳು ಬೆಳಕಿಗೆ ಹಿಡಿದರೆ ಕಾಣುತ್ತವೆ.

ಲಾಕಿಂಗ್ ಹೋದರೆ ಶ್ರುತಿ ನಿಲ್ಲುವುದೇ ಎಂಬ ಆತಂಕ ಹುಡುಗನಿಗೆ ಉಳಿದಿತ್ತು. ಆರು ತಂತಿಗಳು ಸೇರಿ 40 ಕಿಲೋಗೂ ಹೆಚ್ಚು ಎಳೆಯುವ ಜಾಗದಲ್ಲಿ ಆತಂಕ ಸಹಜ. ಆದರೆ ಮೂರು ಮೂರು ಕೀಗಳ ತಲೆಯಲ್ಲಿ ನಡುವಿನ ಡಿ ಮತ್ತು ಜಿ ತಂತಿಗಳು ನಟ್ಟಿನಿಂದ ಹೊರಟ ಕೂಡಲೇ ಪಕ್ಕಕ್ಕೆ ತಿರುಗುತ್ತವೆ. ತಂತಿಯನ್ನು ಪಕ್ಕಕ್ಕೆ ಎಳೆದು ಬೆಂಡ್ ಮಾಡಿದಾಗ ‘ಟಿಂಗ್’ ಎಂದು ಕೇಳಿಸಿ ಶ್ರುತಿ ಬಿಟ್ಟರೆ ತಪ್ಪು ಬಹುತೇಕ ನಟ್ಟಿನ ಕಚ್ಚಿನದೇ, ಬೈಗುಳ ಮಾತ್ರ ಕೀಗೆ. ಮೂಳೆಯ ನಟ್ಟಿನಲ್ಲಿ ಜಿ ತಂತಿಯ ಕಚ್ಚನ್ನು ತಂತಿಗಿಂತ ತುಸು ಅಗಲ ಮಾಡಿ, ಕೀಯ ಕಡೆಗೆ ಓರೆ ಕೊಟ್ಟು, ಪೆನ್ಸಿಲ್ ಗ್ರಾಫೈಟ್ ಸವರಿದೆ. ದಪ್ಪ ತಂತಿಗಳಿಗೆ ಎರಡು ಸುತ್ತು, ತೆಳುವಿಗೆ ಮೂರು, ಒಂದರ ಮೇಲೊಂದು ಹತ್ತದಂತೆ ಕೆಳಕ್ಕೆ ಇಳಿಯುತ್ತಾ ಸುತ್ತಬೇಕು, ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತರಬೇಕು ಎಂದು ತೋರಿಸಿಕೊಟ್ಟೆ. ಸೀಳು ಕಂಬದ ಕೀಯಾದ್ದರಿಂದ ತಂತಿಯ ತುದಿಯನ್ನು ಮೊದಲೇ ಕತ್ತರಿಸಿ ನಡುವಿನ ತೂತಿಗೆ ಇಳಿಸಿದರೆ ಬದಲಿಸುವುದು ಲಾಕಿಂಗ್‌ನಷ್ಟು ಅಲ್ಲದಿದ್ದರೂ ಬೇಗನೆ ಆಗುತ್ತದೆ. ಕ್ರಿಸ್ಮಸ್ ಕಾರ್ಯಕ್ರಮದ ನಂತರ ಅವನು ಫೋನ್ ಮಾಡಿ, ಶ್ರುತಿ ನಿಂತಿತು, ಹೆಗಲು ನೋಯಲಿಲ್ಲ, ಹಿಂದಿನ ಕಲೆಗಳಿಗೆ ಏನಾದರೂ ಮಾಡಿ ಎಂದ.

ಆರ್ಡರ್ ಫಾರಂನಲ್ಲಿ ಈಗ ಕೀಗಳ ತೂಕಕ್ಕೆ ಒಂದು ಕಾಲಂ ಸೇರಿಸಿದ್ದೇನೆ, ಕೀಗಳು ಬೆಂಚಿನ ಮೇಲೆ ಬರುವ ತನಕ ತಲೆಗೆ ಡ್ರಿಲ್ ಮುಟ್ಟಿಸುವುದಿಲ್ಲ ಎಂದು ಹಟ ಹಿಡಿದಿದ್ದೇನೆ. ಯಜಮಾನರು ಎರಡನೆಯದಕ್ಕೆ ಇನ್ನೂ ಗೊಣಗುತ್ತಾರೆ, ಏಕೆಂದರೆ ಅವರ ಪ್ರಕಾರ ಬೆಂಚು ಖಾಲಿ ಇದ್ದಷ್ಟೂ ನಷ್ಟ. ಬಿಚ್ಚಿಟ್ಟ ಲಾಕಿಂಗ್ ಸೆಟ್ಟು ಅವರ ಮೇಜಿನ ಡ್ರಾಯರಿನಲ್ಲಿದೆ. ಹಾಕಿದ ದುಡ್ಡು ಹೇಗಾದರೂ ಬರಲಿ ಎಂದು ಬರುವ ಗಿರಾಕಿಗಳಿಗೆಲ್ಲ ಅದನ್ನು ತೆಗೆದು ತೋರಿಸುತ್ತಾರೆ, ಆರೂ ಕೀ ಒಂದೇ ಸಾಲಿನಲ್ಲಿ ಬೇಕೆಂದು ಬಂದವರಿಗೂ ತೋರಿಸುತ್ತಾರೆ. ಮೂರು ಎಡದವು, ಮೂರು ಬಲದವು ಇರುವ ಸೆಟ್ಟು ಅಂಥ ತಲೆಗೆ ಕೂರುವುದಿಲ್ಲ ಎಂಬುದನ್ನು ಪ್ರತಿ ಸಲವೂ ಗಿರಾಕಿಯ ಎದುರಿನಲ್ಲೇ ಅವರಿಗೆ ವಿವರಿಸುವ ಕೆಲಸ ನನ್ನದಾಗಿದೆ.