ಮೊದಲು ನೀರು, ಆಮೇಲೆ ಪೊಟ್ಯಾಷ್, ಕೊನೆಗೆ ಅಯೋಡಿನ್

ಕಲ್ಲುಹೂವಿನ ಜಾತಿ ಗುರುತಿಸುವಾಗ ಕೀಲಿ (ಲಕ್ಷಣ ನೋಡಿ ಹೆಸರು ಹುಡುಕುವ ಪಟ್ಟಿ) ಓದುವುದಕ್ಕಿಂತ ಸ್ಲೈಡ್ ಮಾಡುವಾಗಲೇ ತಪ್ಪು ಜಾಸ್ತಿ. ಅದರಲ್ಲೂ ಆತುರಪಟ್ಟು ಮೊದಲೇ ಪೊಟ್ಯಾಷ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ) ಹಾಕಿಬಿಡುವುದು.

ಕಲ್ಲುಹೂವಿನ ಬೀಜಕ ಬಿಡುವ ಬಟ್ಟಲಿಗೆ (ಅಪೋಥೀಸಿಯಂ) ಒಂದು ಹನಿ ನೀರು ಮುಟ್ಟಿಸಿ, ಒಂದೆರಡು ನಿಮಿಷ ಬಿಡಿ. ಪೂರ್ತಿ ನೆನೆದರೆ ಅಂಟಂಟಾಗಿ ಬ್ಲೇಡಿನಡಿ ಜಜ್ಜಿಹೋಗುತ್ತದೆ, ಒಣಗಿದ್ದರೆ ಪುಡಿಯಾಗುತ್ತದೆ. ಹೊಸ ಬ್ಲೇಡಿನಿಂದ ಬಟ್ಟಲಿನ ನಡುವೆ ನೇರವಾಗಿ, 15–20 ಮೈಕ್ರಾನ್ ದಪ್ಪಕ್ಕೆ ಸೀಳಬೇಕು. ಓರೆಯಾದರೆ ಹೈಮೀನಿಯಂ, ಅಂದರೆ ಬೀಜಕ ಹುಟ್ಟುವ ಪದರದ ಎತ್ತರ ಸುಳ್ಳು ಹೇಳುತ್ತದೆ.

ಬೀಜಕದ ಅಳತೆ ನೀರಿನಲ್ಲೇ. ಬೀಜಕದ ಚೀಲವಾದ ಆಸ್ಕಸ್ಸಿನಿಂದ ಹೊರಬಂದ, ಬಲಿತ 20 ಬೀಜಕಗಳಾದರೂ ಬೇಕು. ಎಳೆಯವನ್ನು ಅಳೆದರೆ ಗೋಡೆಗಳ ಲೆಕ್ಕವೂ ಬಣ್ಣವೂ ಕೈಕೊಡುತ್ತವೆ: ರಿನೋಡಿನಾ ಕುಲದ ಕಂದು, ಎರಡು ಕೋಣೆಯ ಬೀಜಕ ಮೊದಲಿಗೆ ಬಣ್ಣವಿಲ್ಲದೆಯೇ ಇರುತ್ತದೆ. ಕ್ಯಾಲೊಪ್ಲಾಕಾ ಕುಲದಲ್ಲಿ ಎರಡು ಕೋಣೆಗಳ ನಡುವಿನ ದಪ್ಪ ಗೋಡೆಯ ಅಗಲವೇ ಮುಖ್ಯ. ಪೊಟ್ಯಾಷ್ ತಾಗಿದರೆ ಬೀಜಕ ಉಬ್ಬಿ ಆ ಅನುಪಾತ ಕೆಡುತ್ತದೆ.

ಲೆಕನೋರಾ ಕುಲದ್ದಾದರೆ ಪೋಲರೈಸ್ಡ್ ಬೆಳಕಿನಲ್ಲಿ ಹರಳುಗಳನ್ನೂ ನೋಡಿಕೊಂಡೇ ಮುಂದೆ ಹೋಗಿ. ಕೆಲವು ಹರಳು ಪೊಟ್ಯಾಷ್‌ನಲ್ಲಿ ಕರಗುತ್ತವೆ, ಕೆಲವು ಉಳಿಯುತ್ತವೆ. ಮೊದಲಿನ ಸ್ಥಿತಿ ನೋಡಿರದಿದ್ದರೆ ಏನು ಕರಗಿತೆಂದು ಹೇಳಲಾಗದು.

ಆಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ. ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಹನಿ, ಎದುರು ಅಂಚಿಗೆ ಫಿಲ್ಟರ್ ಕಾಗದ. ಮತ್ತೆ ಅದೇ ರೀತಿ ನೀರು ಎರಡು ಸಲ ಹಾಯಿಸಿ, ಆಮೇಲಷ್ಟೇ ಲ್ಯೂಗಾಲ್, ಅಂದರೆ ಅಯೋಡಿನ್ ದ್ರಾವಣ. ತೊಳೆಯದೆ ಹಾಕಿದರೆ ಉಳಿದ ಕ್ಷಾರ ಅಯೋಡಿನ್ನನ್ನೇ ತಿಂದುಹಾಕುತ್ತದೆ. ಬಣ್ಣ ಬರಲಿಲ್ಲವೆಂದು 'ನೆಗೆಟಿವ್' ಬರೆದ ಎಷ್ಟೋ ಲೇಬಲ್‌ಗಳ ಕಥೆ ಇಷ್ಟೇ ಇರಬೇಕು.

ಈಗ ಆಯಿಲ್ ಇಮ್ಮರ್ಶನ್‌ನಲ್ಲಿ ಆಸ್ಕಸ್ಸಿನ ತುದಿ. ತುದಿಯ ದಪ್ಪಭಾಗ ಒಂದೇ ಸಮನೆ ನೀಲಿಯಾದರೆ ಕ್ಯಾಟಿಲೇರಿಯಾ ಮಾದರಿ. ನೀಲಿಯ ನಡುವೆ ಇನ್ನೂ ಗಾಢವಾದ ಕೊಳವೆ ಕಂಡರೆ ಪೋರ್ಪಿಡಿಯಾ. ಮಧ್ಯೆ ಬಣ್ಣ ಹಿಡಿಯದ ಅಕ್ಷದಂಥ ಭಾಗ ಉಳಿದರೆ ಲೆಕನೋರಾ ಕಡೆಯದು. 1984ರಲ್ಲಿ ಕಲ್ಲುಹೂವು ತಜ್ಞ ಹಾಫೆಲ್ನರ್ ಲೆಸಿಡಿಯಾ ಗುಂಪನ್ನು ಬಿಡಿಸಿ ಹರಡಿದ್ದು ಇದೇ ತುದಿಯನ್ನು ಹಿಡಿದು.

ಬೀಜಕವೊಂದನ್ನೇ ನಂಬಿದರೆ ಏನಾಗುತ್ತದೆಂದು ಗ್ರಾಫಿಡೇಸಿ ಕುಟುಂಬ ತೋರಿಸಿದೆ. ಬಣ್ಣವಿದೆಯೋ ಇಲ್ಲವೋ, ಗೋಡೆ ಅಡ್ಡವೋ ಇಟ್ಟಿಗೆ ಜೋಡಣೆಯೋ ಎಂದು ನೋಡಿ ಹಿಂದಿನ ವರ್ಗೀಕರಣಕಾರ ಜಾಲ್‌ಬ್ರುಕ್ನರ್ ಗ್ರಾಫಿಸ್, ಗ್ರಾಫೈನಾ, ಫಿಯೋಗ್ರಾಫಿಸ್, ಫಿಯೋಗ್ರಾಫೈನಾ ಎಂದು ನಾಲ್ಕು ಕುಲ ಇಟ್ಟುಕೊಂಡಿದ್ದರು. 2002ರಲ್ಲಿ ಸ್ಟೈಗರ್ ಬಟ್ಟಲಿನ ಅಂಚು, ಹೈಮೀನಿಯಂಗಳನ್ನೂ ಲೆಕ್ಕಕ್ಕೆ ತಂದು ಆ ಚೌಕಟ್ಟನ್ನು ಬದಲಿಸಿದರು. ಹಳೆಯ ಸ್ಲೈಡ್ ಪೆಟ್ಟಿಗೆ ತೆರೆದಾಗ ಗ್ರಾಫೈನಾ ಲೇಬಲ್ ಸಿಕ್ಕರೆ, ಹೆಸರು ತಿದ್ದುವ ಮೊದಲು ಹೊಸ ಸೀಳು ತೆಗೆದು ಅಂಚಿನ ಕರಿಭಾಗ ಬುಡದವರೆಗೂ ಇದೆಯೋ, ಮೇಲಷ್ಟೇ ಇದೆಯೋ ನೋಡಿ.