ಪಡೂಕಾದಲ್ಲಿ ಅವ್ವನ ಜೊತೆ ಅರಿವಿ ಖರೀದಿ

ಬೆಳಗ್ಗೆ ಐದೂವರೆಗೆ ಅಮೆರಿಕದ ನ್ಯಾಶ್ವಿಲ್ ಬಿಟ್ಟೆವು. ಪಕ್ಕದ ಸೀಟಿನಲ್ಲಿ ಅವ್ವ. ಅವಳ ತೊಡೆಯ ಮೇಲೆ ಗದಗದಿಂದ ತಂದ ಕೌದಿ. ಕಾರಿನ ಎಸಿ ಅವಳಿಗೆ ಆಗುವುದಿಲ್ಲ, ಎಲ್ಲಿ ಹೋದರೂ ಕೌದಿ ಜೊತೆಗೆ ಇರಬೇಕು. ಐ-24 ಹೆದ್ದಾರಿಯಲ್ಲಿ ಎರಡು ಗಂಟೆಗೂ ಸ್ವಲ್ಪ ಜಾಸ್ತಿ ದಾರಿ. ಏಪ್ರಿಲ್ ಕೊನೆ, ಡಾಗ್‌ವುಡ್ ಮರಗಳೆಲ್ಲ ಬಿಳಿ ಹೂ ಬಿಟ್ಟಿದ್ದವು. ಅರ್ಧ ದಾರಿಯಲ್ಲಿ ಅವ್ವ ಕೇಳಿದಳು: "ಅಲ್ಲ, ಹಳೇ ಸೀರಿ ಮನ್ಯಾಗ ಬೇಕಾದಷ್ಟು ಬಿದ್ದಾವು. ಕೌದಿ ಹೊಲ್ಯಾಕ ಹೊಸಾ ಅರಿವಿ ಯಾಕ ಬೇಕು ನಿನಗ?"

"ಬಂದು ನೋಡು ಅವ್ವಾ" ಅಂದೆ.

ಪಡೂಕಾ ಕೆಂಟಕಿ ರಾಜ್ಯದ ಪಶ್ಚಿಮ ತುದಿಯ ಊರು. ಟೆನೆಸ್ಸೀ ನದಿ ಬಂದು ಒಹಾಯೋ ನದಿಗೆ ಸೇರುವುದು ಇಲ್ಲೇ. ಇರುವವರು ಸುಮಾರು 27 ಸಾವಿರ ಜನ. ಆದರೆ ಕ್ವಿಲ್ಟ್ (ಬಟ್ಟೆಯ ತುಂಡು ಜೋಡಿಸಿ, ಪದರ ಸೇರಿಸಿ ಹೊಲಿದ ಇಲ್ಲಿಯ ಕೌದಿ) ಹೊಲಿಯುವವರಿಗೆ ಇದು ಯಾತ್ರೆಯ ಊರು. 1984ರಲ್ಲಿ ಇಲ್ಲಿಯ ಗಂಡ ಹೆಂಡತಿ ಇಬ್ಬರು ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ಕಟ್ಟಿದರು. ಮರುವರ್ಷ ಮೊದಲ ಕ್ವಿಲ್ಟ್ ಪ್ರದರ್ಶನ ಆಯಿತು. 1991ರಲ್ಲಿ ಕ್ವಿಲ್ಟ್‌ಗಳಿಗಾಗಿಯೇ ಒಂದು ಮ್ಯೂಸಿಯಂ ಬಂತು. 2013ರಲ್ಲಿ ಯುನೆಸ್ಕೋ ಕರಕುಶಲ ಕಲೆಗಳ ಊರು ಎಂದು ಇದನ್ನು ಪಟ್ಟಿಗೆ ಸೇರಿಸಿತು. ಪ್ರದರ್ಶನದ ವಾರ ಹೋಟೆಲ್ ಸಿಗುವುದು ಕಷ್ಟ, ಊರಿನವರು ತಮ್ಮ ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಡುತ್ತಾರೆ. ನಮಗೂ ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿ ಮೇಲೆ ಒಂದು ಕೋಣೆ ಸಿಕ್ಕಿತ್ತು.

ನನ್ನ ಚೀಟಿಯಲ್ಲಿ ಹನ್ನೊಂದು ಸಾಮಾನು ಇದ್ದವು. ಎಲ್ಲಕ್ಕಿಂತ ಮುಖ್ಯ ಕೆಂಪು ಬಟ್ಟೆ. ಹಿಂದಿನ ವರ್ಷ ಒಂದು ಅಂಗಡಿಯಿಂದ ತಂದ ಕೆಂಪು ಬಟ್ಟೆ ಬಣ್ಣ ಬಿಟ್ಟು, ನಾಲ್ಕು ತಿಂಗಳು ಕೂತು ಹೊಲಿದ ಬಿಳಿ ಕ್ವಿಲ್ಟ್ ಪೂರ್ತಿ ಗುಲಾಬಿ ಆಗಿತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ಪ್ರದರ್ಶನದ ಒಳಗೆ ಹೋದರೆ ಅಂಗಡಿಗಳಿಗಿಂತ ಮೊದಲು ಸ್ಪರ್ಧೆಯ ಕ್ವಿಲ್ಟ್‌ಗಳು. ಗೋಡೆಯಷ್ಟು ದೊಡ್ಡವು, ಸಾಲುಸಾಲಾಗಿ ತೂಗು ಹಾಕಿದ್ದರು. ಮುಟ್ಟುವ ಹಾಗಿಲ್ಲ. ಅವ್ವ ಒಂದರ ಮುಂದೆ ನಿಂತುಬಿಟ್ಟಳು. ಕಡು ನೀಲಿ ಬಟ್ಟೆ, ಅದರ ಮೇಲೆ ಕೈಯಲ್ಲಿ ಹೊಲಿದ ಎಲೆ ಬಳ್ಳಿ. ಮುಂದೆ ನೋಡಿದಳು, ಪಕ್ಕಕ್ಕೆ ಬಗ್ಗಿ ನೋಡಿದಳು. ಆಮೇಲೆ ನನಗೆ, "ಹಿಂದಿಂದು ತೋರಸು ಅನ್ನು" ಅಂದಳು. ಅದಕ್ಕೂ ಅಲ್ಲಿ ಜನ ಇರುತ್ತಾರೆ. ಬಿಳಿ ಕೈಗವಸು ಹಾಕಿಕೊಂಡ ಸ್ವಯಂಸೇವಕಿ ಒಬ್ಬರು ಬಂದು ಎರಡು ಬೆರಳಲ್ಲಿ ಅಂಚು ಹಿಡಿದು ತಿರುವಿದರು. ಹಿಂಬದಿಯಲ್ಲಿ ಒಂದು ಗಂಟು ಇಲ್ಲ, ಒಂದು ಉದ್ದ ದಾರ ಇಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ. ಅವ್ವ ಬಹಳ ಹೊತ್ತು ನೋಡಿ, "ಹೊಲದಾಕಿ ಗಟ್ಟಿಗಿತ್ತಿ" ಅಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಸ್ವಯಂಸೇವಕಿ ಕೈಗವಸು ತೆಗೆದು ಅವ್ವನ ಕೈ ಹಿಡಿದುಕೊಂಡರು.

ಅಲ್ಲಿಂದ ಅಂಗಡಿಗಳ ಕಡೆ ಹೋದೆವು. ಇಲ್ಲಿ ಸುಮ್ನೆ ತಿರುಗಲು ಹೋದರೆ ಸಂಜೆಯೇ ಆಗಿಬಿಡುತ್ತದೆ. ಕ್ವಿಲ್ಟಿಂಗ್ ಬಟ್ಟೆ ಇಲ್ಲಿ 42ರಿಂದ 44 ಇಂಚು ಪನ್ನ (ಅಗಲ) ಬರುತ್ತದೆ. ನಾನು ನೋಡಿದ ಮಳಿಗೆಗಳಲ್ಲಿ ಗಜಕ್ಕೆ 13 ಡಾಲರ್ ಆಸುಪಾಸು ಇತ್ತು. ಎಲ್ಲರೂ ಮುಗಿಬೀಳುವುದು ಫ್ಯಾಟ್ ಕ್ವಾರ್ಟರ್ ಮೇಲೆ. ಕಾಲು ಗಜ ಕೊಡಿ ಎಂದರೆ ಮಾಮೂಲಾಗಿ 9 ಇಂಚಿನ ಉದ್ದನೆ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಅದರಲ್ಲಿ ದೊಡ್ಡ ತುಂಡು ತೆಗೆಯಲು ಆಗುವುದಿಲ್ಲ. ಫ್ಯಾಟ್ ಕ್ವಾರ್ಟರ್ ಎಂದರೆ ಅದೇ ಕಾಲು ಗಜ, ಆದರೆ 18 ಇಂಚು ಒಂದು ಕಡೆ, ಸುಮಾರು 22 ಇಂಚು ಇನ್ನೊಂದು ಕಡೆ. ದೊಡ್ಡ ಹೂವಿನ ಪ್ರಿಂಟ್ ಇದ್ದರೆ ಪೂರ್ತಿ ಹೂವೇ ಸಿಗುತ್ತದೆ. ಎರಡೂವರೆ ಇಂಚಿನ ಪಟ್ಟಿಗಳನ್ನು ಸುತ್ತಿದ ಜೆಲ್ಲಿ ರೋಲ್‌ಗಳೂ ಇದ್ದವು. ನೋಡಲು ಚಕ್ಕುಲಿ ಹಾಗೆ ಚೆಂದ. ಆದರೆ ಅದರಲ್ಲಿರುವ ನಲವತ್ತು ಪಟ್ಟಿಗಳಲ್ಲಿ ನಮಗೆ ಬೇಕಾದ ಬಣ್ಣ ಹತ್ತೋ ಹನ್ನೆರಡೋ ಇರುತ್ತವೆ. ನಾನು ಕೊಳ್ಳಲಿಲ್ಲ.

ಕೆಂಪು ಬಟ್ಟೆಗೆ ಮೂರು ಮಳಿಗೆ ಸುತ್ತಿದೆವು. ಪ್ರತಿ ಸಲವೂ ಅಂಗಡಿಯವರನ್ನು ಕೇಳಿ, ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಬಟ್ಟೆಯ ತುದಿಯನ್ನು ಒತ್ತಿ ಉಜ್ಜಿದೆ. ಎರಡು ಕಡೆ ಕರವಸ್ತ್ರಕ್ಕೆ ಕೆಂಪು ಹತ್ತಿತು. ಮೂರನೆಯದಕ್ಕೆ ಹತ್ತಲಿಲ್ಲ. ಅದರಲ್ಲಿ ಎರಡು ಗಜ ತೆಗೆದುಕೊಂಡೆ. ಆದರೂ ಮನೆಗೆ ಹೋಗಿ ಒಗೆದೇ ಕತ್ತರಿಸುವುದು. ಯಾರಾದರೂ ಹೊಸದಾಗಿ ಶುರು ಮಾಡುವವರಿದ್ದರೆ ದಯವಿಟ್ಟು ಇದೊಂದು ನೆನಪಿಡಿ, ಕಡು ಬಣ್ಣವನ್ನು ನಂಬಬೇಡಿ.

ಅವ್ವ ಮಾತ್ರ ಪ್ರತಿ ಥಾನನ್ನೂ ತಿರುವಿ ಹಿಂಬದಿಯನ್ನೇ ನೋಡುತ್ತಿದ್ದಳು. ಒಂದು ಮಳಿಗೆಯಲ್ಲಿ ಇಂಡಿಯಾದ ಅಚ್ಚಿನ ಬಟ್ಟೆ ಅಂತ ರಾಶಿ ಹಾಕಿದ್ದರು. ಅವ್ವ ಒಂದನ್ನು ಎಳೆದು ಬೆಳಕಿಗೆ ಹಿಡಿದಳು. "ಇದು ಕೈಲೆ ಹಾಕಿದ ಅಚ್ಚು. ಇಲ್ನೋಡು, ಅಚ್ಚಿಗೆ ಅಚ್ಚು ಕೂಡೋ ಕಡಿ ಒಂದು ಎಳಿ ಸರದೈತಿ." ಇನ್ನೊಂದರಲ್ಲಿ ಹೂಗಳೆಲ್ಲ ಒಂದೇ ಅಳತೆ, ಒಂದೂ ಸರಿದಿಲ್ಲ, ಹಿಂಬದಿ ಬೆಳ್ಳಗೆ. "ಇದು ಮಶೀನಿಂದು" ಅಂದು ಕೆಳಗಿಟ್ಟಳು. ಎರಡಕ್ಕೂ ಬೆಲೆ ಒಂದೇ ಇತ್ತು. ಆರು ವರ್ಷದಿಂದ ಇಲ್ಲಿ ಬಟ್ಟೆ ಕೊಳ್ಳುತ್ತಿದ್ದೇನೆ, ಒಂದು ದಿನವೂ ನಾನು ಹಿಂಬದಿ ನೋಡಿರಲಿಲ್ಲ. ಇಲ್ಲಿಯವರು ಸಣ್ಣ ಹೂವಿನ ಹತ್ತಿ ಬಟ್ಟೆಗೆ ಕ್ಯಾಲಿಕೋ ಅನ್ನುತ್ತಾರೆ. ಅದು ನಮ್ಮ ಕಲ್ಲಿಕೋಟೆಯ ಹೆಸರಿನಿಂದ ಬಂದ ಮಾತು. ಅವ್ವನಿಗೆ ಹೇಳಿದೆ. "ಹೌದಾ?" ಎಂದು ಆ ಅಚ್ಚಿನ ಬಟ್ಟೆಯನ್ನು ಇನ್ನೊಮ್ಮೆ ಸವರಿದಳು.

ಕ್ವಿಲ್ಟಿನ ಹಿಂಬದಿಗೆ ಹಾಕಲು 108 ಇಂಚು ಪನ್ನದ ಬಟ್ಟೆ ಮೂರು ಗಜ ಕೊಂಡೆ. ದೊಡ್ಡ ಹಾಸಿಗೆಯ ಕ್ವಿಲ್ಟಿಗೂ ನಡುವೆ ಜೋಡಣೆ ಬೇಕಾಗುವುದಿಲ್ಲ.

ಸಾಮಾನಿನ ಮಳಿಗೆಗಳಲ್ಲಿ ನನಗೆ ಬೇಕಾಗಿದ್ದು ರೋಟರಿ ಕಟರ್‌ನ ಬ್ಲೇಡು ಮತ್ತು ಒಂದು ಅಕ್ರಿಲಿಕ್ ಸ್ಕೇಲು. ದುಂಡನೆ ಬ್ಲೇಡಿನ ಈ ಕಟರನ್ನು 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ತಂದಿತು. ಅದಕ್ಕೆ ಮೊದಲು ರಟ್ಟಿನ ಅಚ್ಚಿಟ್ಟು ಗೆರೆ ಎಳೆದು ಒಂದೊಂದೇ ತುಂಡನ್ನು ಕತ್ತರಿಯಲ್ಲಿ ಕತ್ತರಿಸಬೇಕಿತ್ತು. ಈಗ ನಾಲ್ಕು ಪದರ ಒಟ್ಟಿಗೆ ಕತ್ತರಿಸಬಹುದು. ಸ್ಕೇಲು ಮಾತ್ರ ಒಳ್ಳೆಯದೇ ಬೇಕು, ಯಾಕೆಂದರೆ ಇಲ್ಲಿ ಎಲ್ಲವೂ ಬಟ್ಟೆಯ ಅಂಚಿನಿಂದ ಕಾಲು ಇಂಚು ಒಳಗೆ ಹಾಕುವ ಹೊಲಿಗೆಯ ಲೆಕ್ಕ. ಎಂಟು ಹೊಲಿಗೆ ಇರುವ ಒಂದು ಸಾಲಿನಲ್ಲಿ ಪ್ರತಿ ಹೊಲಿಗೆಯೂ ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಹೋದರೆ, ಎರಡೂ ಕಡೆ ಸೇರಿ ಆ ಸಾಲು ಒಂದು ಇಂಚು ಗಿಡ್ಡ ಆಗುತ್ತದೆ. ಪಕ್ಕದ ಸಾಲಿಗೆ ಕೂಡುವುದೇ ಇಲ್ಲ.

ಅವ್ವನಿಗೆ ಇದೆಲ್ಲ ಬೇಕಿರಲಿಲ್ಲ. ಅವಳು ಜಪಾನಿನ ಸಾಶಿಕೋ ಸಾಮಾನು ಇಟ್ಟ ಮಳಿಗೆಯ ಮುಂದೆ ಕೂತುಬಿಟ್ಟಿದ್ದಳು. ಸಾಶಿಕೋ ಎಂದರೆ ಹಳೆ ಬಟ್ಟೆ ಗಟ್ಟಿಯಾಗಲಿ ಎಂದು ಪದರ ಸೇರಿಸಿ ಸಾದಾ ಓಟದ ಹೊಲಿಗೆ ಹಾಕುವುದು. ನಮ್ಮ ಕೌದಿಯ ಕೆಲಸವೂ ಅದೇ ಅಲ್ವಾ? ಕ್ವಿಲ್ಟಿಗೆ ಬಳಸುವ ಬಿಟ್ವೀನ್ಸ್ ಸೂಜಿ ತೀರಾ ಗಿಡ್ಡ. ಅವ್ವ ಅದನ್ನು ನೋಡಿ ಪಕ್ಕಕ್ಕಿಟ್ಟಳು. ಸಾಶಿಕೋ ಸೂಜಿ ಉದ್ದ, ಕಣ್ಣು ದೊಡ್ಡದು, ದಪ್ಪ ದಾರ ಸಲೀಸಾಗಿ ಹೋಗುತ್ತದೆ. ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿದಳು, ಉಗುರಿನ ಮೇಲೆ ಮೊನೆ ಎಳೆದು ನೋಡಿದಳು. ಅಂಗೈಗೆ ಆನುವ ಒಂದು ಲೋಹದ ಬಿಲ್ಲೆಯೂ ಅಲ್ಲಿತ್ತು. ಉಂಗುರದ ಹಾಗೆ ನಡುಬೆರಳಿಗೆ ಹಾಕಿಕೊಂಡು, ಸೂಜಿಯ ಬೆನ್ನನ್ನು ಅಂಗೈಯಿಂದಲೇ ಒತ್ತುವುದು. ಅವ್ವ ಇಷ್ಟು ವರ್ಷ ಬೆರಳಿಗೆ ಅರಿವಿ ಸುತ್ತಿಕೊಂಡೇ ಹೊಲಿದವಳು. ಅವಳ ನಡುಬೆರಳಲ್ಲಿ ಜೋಳದ ಕಾಳಿನಷ್ಟು ಚರ್ಮ ದಡ್ಡುಗಟ್ಟಿದೆ. ಬಿಲ್ಲೆ ಹಾಕಿಕೊಂಡು ಅಂಗಡಿಯವರು ಕೊಟ್ಟ ತುಂಡು ಬಟ್ಟೆಯ ಮೇಲೆ ಹತ್ತು ಹೊಲಿಗೆ ಹಾಕಿದಳು. ತಲೆ ಎತ್ತಿ, "ಇದ ಮೊದಲ ಸಿಕ್ಕಿದ್ರ!" ಅಂದಳು. ಎರಡು ಕೊಂಡೆವು. ಒಂದು ಅವಳಿಗೆ, ಇನ್ನೊಂದು ಊರಿನಲ್ಲಿ ಅವಳ ಜೊತೆ ಕೂತು ಕೌದಿ ಹೊಲಿಯುವ ಚಿಗವ್ವನಿಗೆ.

ಸಂಜೆ ನದಿ ದಂಡೆಗೆ ಹೋದೆವು. 1937ರಲ್ಲಿ ದೊಡ್ಡ ನೆರೆ ಬಂದ ಮೇಲೆ ಊರಿಗೆ ಕಟ್ಟಿದ ತಡೆಗೋಡೆಯ ಮೇಲೆ ಊರಿನ ಹಳೆಯ ಕಥೆಗಳನ್ನು ಬಣ್ಣದಲ್ಲಿ ಬರೆಸಿದ್ದಾರೆ. ಕಾಲು ನೋಯುತ್ತಿತ್ತು, ಬೇಗ ಹೊರಟೆವು.

ಕೋಣೆಯಲ್ಲಿ ಅವ್ವ ಕೌದಿ ಹರವಿಕೊಂಡು, ಅಂಚು ಬಿಟ್ಟ ಕಡೆ ಹೊಸ ಸೂಜಿಯಲ್ಲಿ ಹೊಲಿಗೆ ಹಾಕುತ್ತ ಕೂತಿದ್ದಳು. ಅಜ್ಜಿಯ ಎರಡು ಇಳಕಲ್ ಸೀರೆ, ಒಳಗೆ ಅಜ್ಜನ ಧೋತರ, ಇಷ್ಟೇ ಆ ಕೌದಿ. ಮನೆಯ ಯಜಮಾನಿ ಟವೆಲ್ ಕೊಡಲು ಬಂದವರು ಬಾಗಿಲಲ್ಲೇ ನಿಂತರು. ಮೆಲ್ಲಗೆ ಬಂದು ಪಕ್ಕದಲ್ಲಿ ಕೂತು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಕೌದಿಯ ಒಂದು ಮೂಲೆ ಹಿಡಿದು ತಿರುವಿದರು. ಅವ್ವ ನನ್ನ ಕಡೆ ನೋಡಿ ಅಂದಳು: "ಆ ಮೂಲಿ ಛಲೋ ಆಗಿಲ್ಲ. ಈ ಕಡೇದು ನೋಡು ಅಂತ ಹೇಳು ಆಕಿಗೆ."